ಕೈ-ಸ್ಕ್ವೇರ್ ಕಡಿಮೆ ಬಂದರೆ ಅನುಪಾತ ಸಾಬೀತಾದ ಹಾಗಲ್ವಾ?

ಕಾಡುಮಲ್ಲಿಗೆ:
ಬಿಎಸ್ಸಿ ಮೊದಲ ವರ್ಷ ಓದ್ತಿದ್ದೇನೆ. ಜೆನೆಟಿಕ್ಸ್ ಪ್ರಾಕ್ಟಿಕಲ್‌ಗೆ ಮೆಂಡಲನ ಬಟಾಣಿ ಲೆಕ್ಕವನ್ನೇ ಕೊಟ್ಟಿದ್ದಾರೆ. ಗುಂಡು ಹಳದಿ 315, ಗುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಒಟ್ಟು 556 ಕಾಳು. ಮೆಂಡಲನ 9:3:3:1 ಅನುಪಾತ ಇಟ್ಟುಕೊಂಡು ಮಾಡಿದರೆ ಕೈ-ಸ್ಕ್ವೇರ್ (ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಇದೆ ಅನ್ನುವ ಅಳತೆ) 0.47 ಬರುತ್ತದೆ, ಟೇಬಲ್‌ನಲ್ಲಿ ಮಿತಿ 7.815 ಇದೆ. ಅಂದರೆ ಅನುಪಾತ ಸಾಬೀತಾಯಿತು, ಅಲ್ವಾ? ಆದರೆ ಮೇಡಂ ಹಾಗೆ ಬರೆಯಬೇಡಿ, "ತಳ್ಳಿಹಾಕಲು ಆಗಲಿಲ್ಲ" ಅಂತ ಬರೆಯಿರಿ ಅನ್ನುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ? ಇನ್ನೊಂದು, ನನ್ನ ಗೆಳತಿ ಎಲ್ಲವನ್ನೂ ಶೇಕಡಾ ಮಾಡಿಕೊಂಡು ಲೆಕ್ಕ ಹಾಕಿದಳು, ಅವಳಿಗೆ 0.08 ಬಂತು. ಯಾವುದು ಸರಿ?

ಲ್ಯಾಬ್_ಮೇಷ್ಟ್ರು:
ನಿಮ್ಮದು ಸರಿ. ಈ ಪರೀಕ್ಷೆಗೆ ಎಣಿಸಿದ ಕಾಳುಗಳೇ ಬೇಕು. ಶೇಕಡಾ ಮಾಡಿದ ತಕ್ಷಣ 556 ಕಾಳು ಎಣಿಸಿದ ಶ್ರಮವೆಲ್ಲ ಹೋಗಿ 100 ಕಾಳು ಮಾತ್ರ ಎಣಿಸಿದ ಹಾಗಾಗುತ್ತದೆ. ಗುಂಪು ನಾಲ್ಕು, ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ 3. ಒಟ್ಟು ಗೊತ್ತಿದ್ದರೆ ಮೂರು ಗುಂಪು ತಿಳಿದ ಮೇಲೆ ನಾಲ್ಕನೆಯದು ತಾನಾಗಿಯೇ ಸಿಗುತ್ತದೆ. 7.815 ಅನ್ನೋದು ಶೇ. 5ರ ಗೆರೆ. ಅನುಪಾತ ನಿಜವಾಗಿಯೂ 9:3:3:1 ಇದ್ದರೂ, ಸುಮ್ನೆ ಆಕಸ್ಮಿಕವಾಗಿ ನೂರಕ್ಕೆ ಐದು ಸಲ ಅದಕ್ಕಿಂತ ಜಾಸ್ತಿ ಬರಬಹುದು.

ಅಡಿಕೆತೋಟ:
ಮೇಡಂ ಹೇಳಿದ್ದು ಯಾಕೆ ಅಂತ ಹಳದಿ ಇಲಿ ಲೆಕ್ಕ ಮಾಡಿ ನೋಡಿ, ಗೊತ್ತಾಗುತ್ತದೆ. 1905ರ ಹೊತ್ತಿಗೆ ಫ್ರಾನ್ಸಿನ ವಿಜ್ಞಾನಿ ಕ್ಯೂನೋ ಹಳದಿ ಇಲಿಗಳನ್ನು ಹಳದಿ ಇಲಿಗಳ ಜೊತೆಗೇ ಕ್ರಾಸ್ ಮಾಡಿಸಿ ನೋಡಿದ್ದ. ಅಲ್ಲಿ ಬರುವುದು 2:1, ಯಾಕಂದ್ರೆ ತಂದೆತಾಯಿ ಇಬ್ಬರಿಂದಲೂ ಹಳದಿ ಜೀನ್ ಸಿಕ್ಕ ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಈಗ ನೀವು 60 ಮರಿ ಎಣಿಸಿದಿರಿ, 40 ಹಳದಿ, 20 ಬೇರೆ ಬಣ್ಣ ಅಂತ ಇಟ್ಟುಕೊಳ್ಳಿ. ಮೆಂಡಲನ ಮಾಮೂಲಿ 3:1ಕ್ಕೆ ಹೋಲಿಸಿದರೆ ಕೈ-ಸ್ಕ್ವೇರ್ 2.22, ಇಲ್ಲಿ ಎರಡೇ ಗುಂಪು, ಹಾಗಾಗಿ ಟೇಬಲ್‌ನಲ್ಲಿ 3.841. ಪಾಸ್! 2:1ಕ್ಕೆ ಹೋಲಿಸಿದರೆ ಸೊನ್ನೆ. ಅದೂ ಪಾಸ್. ಒಂದೇ ಎಣಿಕೆಗೆ ಎರಡು ಅನುಪಾತವೂ ಹೊಂದುತ್ತವೆ, ಎರಡೂ ಸಾಬೀತಾಗಲು ಹೇಗೆ ಸಾಧ್ಯ? ಅದೇ 400 ಮತ್ತು 200 ಬಂದಿದ್ದರೆ 3:1ಕ್ಕೆ 22.2 ಬಂದು ಅದು ಬಿದ್ದುಹೋಗುತ್ತಿತ್ತು. ಕಡಿಮೆ ಮರಿ ಎಣಿಸಿದರೆ ತಪ್ಪು ಅನುಪಾತವೂ ಉಳಿದುಕೊಳ್ಳುತ್ತದೆ.

ಕಾಡುಮಲ್ಲಿಗೆ:
ಓಹ್, ಈಗ ಅರ್ಥವಾಯಿತು! ಹಾಗಾದರೆ ಟೇಬಲ್‌ಗಿಂತ ಜಾಸ್ತಿ ಬಂದರೆ ಮೆಂಡಲನ ನಿಯಮವೇ ತಪ್ಪು ಅಂತ ಬರೆಯಬಹುದಾ?

ಲ್ಯಾಬ್_ಮೇಷ್ಟ್ರು:
ಅವಸರ ಬೇಡ. ಬ್ರಿಟನ್ನಿನ ವಿಜ್ಞಾನಿಗಳಾದ ಬೇಟ್‌ಸನ್, ಪನೆಟ್ ಅವರ ಸ್ವೀಟ್ ಪೀ ಗಿಡಗಳನ್ನೇ ನೋಡಿ. ನೇರಳೆ ಹೂ ಉದ್ದ ಪರಾಗ 284, ಕೆಂಪು ಹೂ ಗುಂಡು ಪರಾಗ 55, ನೇರಳೆ-ಗುಂಡು 21, ಕೆಂಪು-ಉದ್ದ 21. ಒಟ್ಟು 381. 9:3:3:1ಕ್ಕೆ ಕೈ-ಸ್ಕ್ವೇರ್ ಸುಮಾರು 134.7 ಬರುತ್ತದೆ! ಆದರೆ ಈ ಸಂಖ್ಯೆ ಕಾರಣ ಹೇಳುವುದಿಲ್ಲ. ಬಹಳಷ್ಟು ಜನ ಕೊನೆಯ ಮೊತ್ತವನ್ನು ಮಾತ್ರ ಬರೆದು ರೆಕಾರ್ಡ್ ಮುಚ್ಚಿಡುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಒಂದೊಂದೇ ಗುಂಪು ನೋಡಿ. ಮಿಶ್ರ ಗುಂಪುಗಳಲ್ಲಿ ತಲಾ 71ರಷ್ಟು ಇರಬೇಕಿತ್ತು, ಇರುವುದು 21. ತಂದೆತಾಯಿಯಲ್ಲಿದ್ದ ಜೋಡಿಗಳೇ ಜಾಸ್ತಿ. ಎರಡು ಜೀನ್‌ಗಳೂ ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಕೂತಿವೆ, ಹಾಗಾಗಿ ಒಟ್ಟಿಗೇ ಸಾಗುತ್ತವೆ. ಇಲ್ಲಿ ಮುರಿದದ್ದು ಸ್ವತಂತ್ರ ವಿಂಗಡಣೆ, ಅಂದರೆ ಎರಡು ಗುಣಗಳ ಜೀನ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹಂಚಿಹೋಗುತ್ತವೆ ಅನ್ನುವ ಊಹೆ. ಜೋಡಿ ಜೀನ್‌ಗಳು ಬೇರೆಯಾಗಿ ಒಂದೊಂದು ಲಿಂಗಕೋಶಕ್ಕೆ ಹೋಗುವ ನಿಯಮ ಹಾಗೇ ಇದೆ. ಆ ಇಬ್ಬರಿಗೆ ಈ ಕಾರಣ ಹೊಳೆದಿರಲಿಲ್ಲ, 1911ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಗನ್ ಹಣ್ಣುನೊಣಗಳಿಂದ ವಿವರಿಸಿದ. ನಿಮ್ಮ ರೆಕಾರ್ಡ್‌ನಲ್ಲಿ "ಈ 556 ಕಾಳುಗಳ ಎಣಿಕೆ 9:3:3:1ಕ್ಕೆ ಹೊಂದುತ್ತದೆ, ತಳ್ಳಿಹಾಕಲು ಕಾರಣ ಸಿಗಲಿಲ್ಲ" ಅಂತ ಬರೆಯಿರಿ. ಕೆಳಗೆ ನಾಲ್ಕೂ ಗುಂಪಿನ ವ್ಯತ್ಯಾಸ ಬೇರೆ ಬೇರೆಯಾಗಿ ತೋರಿಸಿ.