ಡೆಸ್ಕ್‌ಟಾಪ್ 20 ನಿಮಿಷಕ್ಕೆ ನಿಧಾನ, ಆಮೇಲೆ ತಾನಾಗಿ ಆಫ್: ಬೋರ್ಡ್ ಬದಲಿಸಲೇಬೇಕಾ?

ತೋಟದಮನೆ (ನೀರ್ಚಾಲು):

ನಮಸ್ಕಾರ. ವಿಷು ಕಳೆದ ಮೇಲೆ ನಮ್ಮ ಡೆಸ್ಕ್‌ಟಾಪ್ ಒಂದು ದಿನವೂ ನೆಟ್ಟಗೆ ಓಡಿಲ್ಲ. ಇಂಟೆಲ್ ಐ5-4460, 8 ಜಿಬಿ ರ‍್ಯಾಮ್, ವಿಂಡೋಸ್ 10. ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲ. ಯಕ್ಷಗಾನದ ರೆಕಾರ್ಡಿಂಗ್ ಮೊಬೈಲಿನಿಂದ ಇಳಿಸಿ, ಕತ್ತರಿಸಿ, ಸಣ್ಣ ಫೈಲ್ ಮಾಡುವುದು ನನ್ನ ಹುಚ್ಚು. ಮೊದಲು ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತಿತ್ತು. ಈಗ 20 ನಿಮಿಷ ಆಗುವಾಗ ಮೌಸ್ ಕೂಡ ತಡವರಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಟಪ್ ಎಂದು ಆಫ್. ಕೂಡಲೇ ಬಟನ್ ಒತ್ತಿದರೆ ಆನ್ ಆಗಿ ಎರಡೇ ನಿಮಿಷಕ್ಕೆ ಮತ್ತೆ ಆಫ್.

ಪೇಟೆಯ ಅಂಗಡಿಗೆ ಒಯ್ದೆ. ಮುಚ್ಚಳ ಕೂಡ ತೆಗೆಯದೆ "ಬೋರ್ಡ್ ಹೋಗಿದೆ, ಹೊಸ ಸೆಟ್ ತೆಗೊಳ್ಳಿ" ಅಂದರು. ಮಾತು ಕೇಳಿ ವಾಪಸ್ ತಂದೆ. ನಿಮಗೆ ಏನನ್ನಿಸುತ್ತದೆ?

ಹಳೇಸ್ಕ್ರೂ (ಉಪ್ಪಳ):

ಮುಚ್ಚಳ ತೆಗೆಯದೆ ಬೋರ್ಡ್ ಹೋಗಿದೆ ಅನ್ನುವವರ ಹತ್ತಿರ ಜಾತಕವೂ ಕೇಳಬಹುದಿತ್ತು ಮಾರಾಯ್ರೇ. ಹೊಸದು ತೆಗೆಯುವ ಮಾತು ಈಗ ಬೇಡ. ನೀವು ಹೇಳಿದ್ದರಲ್ಲೇ ಒಂದು ಸುಳಿವು ಇದೆ. ಕೂಡಲೇ ಆನ್ ಮಾಡಿದರೆ ಎರಡು ನಿಮಿಷ, ತಣಿದ ಮೇಲಾದರೆ 20 ನಿಮಿಷ. ಇದು ಬಿಸಿಯ ಲಕ್ಷಣ.

ಮೂರು ವಿಷಯ ತಿಳಿಸಿ. ಕೋರ್ ಟೆಂಪ್ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿ, ಸುಮ್ನೆ ಇರುವಾಗ ಎಷ್ಟು ಡಿಗ್ರಿ, ವಿಡಿಯೊ ಓಡುವಾಗ ಎಷ್ಟು ನೋಡಿ. ಅದರಲ್ಲೇ ಪ್ರೊಸೆಸರಿನ ವೇಗವೂ ಕಾಣುತ್ತದೆ. ಎರಡನೆಯದು, ಕ್ಯಾಬಿನೆಟ್ ಎಲ್ಲಿ ಇಟ್ಟಿದ್ದೀರಿ? ಮೂರನೆಯದು, ಕೊನೆಯ ಸಲ ಒಳಗೆ ಗುಡಿಸಿದ್ದು ಯಾವಾಗ?

ತೋಟದಮನೆ:

ಸುಮ್ನೆ ಇರುವಾಗ 68. ವಿಡಿಯೊ ಹಾಕಿದ ಐದನೇ ನಿಮಿಷಕ್ಕೆ 99, 100. ವೇಗ 3.2 ಗಿಗಾಹರ್ಟ್ಸ್ ಇದ್ದದ್ದು 0.8ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಕ್ಯಾಬಿನೆಟ್ ಇರುವುದು ಕಂಪ್ಯೂಟರ್ ಮೇಜಿನ ಕೆಳಗಿನ ಗೂಡಿನಲ್ಲಿ. ಧೂಳು ಬೀಳಬಾರದು ಎಂದು ಬಾಗಿಲು ಹಾಕಿಡುತ್ತೇವೆ. ಗುಡಿಸಿದ್ದು... 2014ರ ಕೊನೆಗೆ ತಂದದ್ದು, ಒಮ್ಮೆಯೂ ಬಿಚ್ಚಿಲ್ಲ. ಮತ್ತೊಂದು, ಪಕ್ಕದ ಚಾವಡಿಯಲ್ಲಿ ಅಡಿಕೆ ಸುಲಿಯುವ ಮಿಷನ್ ಇದೆ.

ಟೀಚರಕ್ಕ (ಮುಳ್ಳೇರಿಯ):

ಅಡಿಕೆ ಸುಲಿಯುವ ಮಿಷನ್ ಪಕ್ಕದಲ್ಲಾ! ಹಾಗಾದರೆ ಒಳಗೆ ಏನಿರುತ್ತದೆ ಎಂದು ನಾನು ನೋಡದೆಯೇ ಹೇಳುತ್ತೇನೆ. ಫ್ಯಾನ್ ಮತ್ತು ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಚಾಪೆ ಹಾಸಿದ ಹಾಗೆ ನಾರು. ಬರೀ ಮಣ್ಣಿನ ಧೂಳಾದರೆ ಉದುರುತ್ತದೆ. ಸಿಪ್ಪೆಯ ನಾರು ಹೆಣೆದುಕೊಳ್ಳುತ್ತದೆ, ಅದರ ಮೇಲೆ ಮಳೆಗಾಲದ ತೇವ ಕೂತರೆ ಕಂಬಳಿಯೇ. ನಮ್ಮ ಶಾಲೆಯ ಲ್ಯಾಬಿನಲ್ಲಿ ರಸ್ತೆಯ ಕೆಂಪು ಧೂಳಿಗೇ ಇದನ್ನು ಕಂಡಿದ್ದೇನೆ.

100ಕ್ಕೆ ಮುಟ್ಟಿ 0.8ಕ್ಕೆ ಇಳಿಯುವುದು ಕೆಟ್ಟ ಪ್ರೊಸೆಸರಿನ ಲಕ್ಷಣ ಅಲ್ಲ ಅಣ್ಣ. ಅದು ತನ್ನನ್ನು ತಾನೇ ಉಳಿಸಿಕೊಳ್ಳುತ್ತಿದೆ. ಈ ಪ್ರೊಸೆಸರಿಗೆ 100 ಡಿಗ್ರಿ ಗಡಿ. ಅಲ್ಲಿಗೆ ಬಂದಾಗ ವೇಗ ಇಳಿಸಿ ಬಿಸಿ ಕಡಿಮೆ ಮಾಡಲು ನೋಡುತ್ತದೆ, ನಿಮಗೆ ಕಾಣುವ "ನಿಧಾನ" ಅದೇ. ಅದನ್ನೂ ಮೀರಿ ಏರಿದರೆ ಬೋರ್ಡಿಗೆ ಹೇಳಿ ಕರೆಂಟ್ ಕಡಿಸುತ್ತದೆ. ಅದು "ಟಪ್".

ಮೊದಲು ಖರ್ಚಿಲ್ಲದ ಕೆಲಸ: ಗೂಡಿನಿಂದ ಹೊರಗೆ ತೆಗೆಯಿರಿ. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಅದರಿಂದ ಆಗುವುದಿಲ್ಲ. ಈ ಸೆಕೆಗೆ ಕೋಣೆಯೇ 34 ಇರಬಹುದು, ಬಾಗಿಲು ಹಾಕಿದ ಗೂಡಿನೊಳಗೆ ಇನ್ನೂ ಜಾಸ್ತಿ. ಹೊರಗೆ ಹೋದ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿದೆ.

ಹಳೇಸ್ಕ್ರೂ:

ಅಕ್ಕ ಹೇಳಿದ್ದು ಸರಿ. ಇನ್ನು ಗುಡಿಸುವ ಕ್ರಮ. ವಯರ್ ಗೋಡೆಯಿಂದ ತೆಗೆಯಿರಿ, ಆಮೇಲೆ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಜಗಲಿಗೆ ಒಯ್ದು ಪೈಂಟ್ ಬ್ರಶ್ಶಿನಲ್ಲಿ ಗುಡಿಸಿ. ಗಾಳಿ ಹೊಡೆಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಗಾಳಿಯ ರಭಸಕ್ಕೆ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ತೋಟಕ್ಕೆ ಮದ್ದು ಬಿಡುವ ಪಂಪ್ ತಂದೀರಿ ಮತ್ತೆ, ಬೇಡ! ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ವಯರ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಉಳಿದಿರುತ್ತದೆ. ಹೊರಗಿನಿಂದ ಜಾಲರಿ ಗುಡಿಸಿದರೆ ಸಾಕು.

ಇಷ್ಟು ಹಳೆಯದಕ್ಕೆ ಪ್ರೊಸೆಸರಿಗೂ ಕೂಲರಿಗೂ (ಫ್ಯಾನ್, ರೆಕ್ಕೆ ಸೇರಿದ ಆ ತುಂಡಿಗೆ) ನಡುವೆ ಹಚ್ಚುವ ಪೇಸ್ಟ್ ಕೂಡ ಬದಲಿಸಬೇಕು. ಕೂಲರನ್ನು ಹಿಡಿದಿರುವುದು ನಾಲ್ಕು ಕಪ್ಪು ಪಿನ್. ಅದರ ತಲೆಯಲ್ಲಿ ಬಾಣದ ಗುರುತಿದೆ. ಬಾಣ ತೋರಿಸುವ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದರೆ ಬಿಡುತ್ತದೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಪ್ರೊಸೆಸರಿನ ನಡುವಿಗೆ ಬಟಾಣಿ ಕಾಳಿಗಿಂತ ಸ್ವಲ್ಪ ಚಿಕ್ಕದು ಹಾಕಿ. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬೇಡ.

ತೋಟದಮನೆ:

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಕಂಬಳಿ ಇತ್ತು. ಎತ್ತಿದರೆ ಇಡಿಯಾಗಿ ಬಂತು, ಮಕ್ಕಳು ಇಲಿಮರಿ ಎಂದು ಓಡಿದರು. ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಪೇಸ್ಟ್ ಸುಣ್ಣದ ಹಾಗೆ ಒಣಗಿತ್ತು. ಕಾಸರಗೋಡಿನಲ್ಲಿ ಕೇಳಿದರೆ ಟಿವಿ ರಿಪೇರಿಯವರು ಬಳಸುವ ಬಿಳಿ ಪೇಸ್ಟಿನ ಸಣ್ಣ ಡಬ್ಬಿ ಕೊಟ್ಟರು, ಅದನ್ನೇ ಹಾಕಿದೆ.

ಆದರೆ ಈಗ ಮೊದಲಿಗಿಂತ ಕಷ್ಟ! ಸುಮ್ನೆ ಇರುವಾಗಲೇ 80. ವಿಡಿಯೊ ಹಾಕಿದರೆ ಒಂದು ನಿಮಿಷದೊಳಗೆ 100. ಬಿಳಿ ಪೇಸ್ಟ್ ಕೆಟ್ಟದ್ದಾ? ಅಂಗಡಿಯವರು ಹೇಳಿದ್ದೇ ಸರಿಯಾ?

ಟೀಚರಕ್ಕ:

ಪೇಸ್ಟಿನ ತಪ್ಪಲ್ಲ. ದುಬಾರಿ ಪೇಸ್ಟಿಗೂ ಸಾದಾ ಪೇಸ್ಟಿಗೂ ಕೆಲವು ಡಿಗ್ರಿ ವ್ಯತ್ಯಾಸ, ಹೀಗೆ ಆಕಾಶ ಭೂಮಿ ಅಲ್ಲ. ಪೇಸ್ಟಿನ ಕೆಲಸ ಎರಡು ಲೋಹದ ನಡುವಿನ ಗಾಳಿಯನ್ನು ಹೊರಗೆ ಹಾಕುವುದು ಮಾತ್ರ. ಗಾಳಿ ಬಿಸಿಯನ್ನು ದಾಟಿಸುವುದರಲ್ಲಿ ತೀರಾ ಸೋಮಾರಿ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದರೂ ಅಲ್ಲಿ ಗಾಳಿ ಕೂರುತ್ತದೆ.

ಒಂದು ನಿಮಿಷದೊಳಗೆ 100ಕ್ಕೆ ಹಾರಿದರೆ ನನಗೆ ಪಿನ್ ಮೇಲೆಯೇ ಅನುಮಾನ. ಧೂಳಿನಿಂದಾದರೆ ಬಿಸಿ ಮೆಲ್ಲ ಏರುತ್ತದೆ. ಕೂಲರ್ ಕೂತಿಲ್ಲ ಅಂದರೆ ಒಮ್ಮೆಗೇ ಜಿಗಿಯುತ್ತದೆ. ಮಷಿನ್ ಆಫ್ ಮಾಡಿ, ಕೂಲರಿನ ನಾಲ್ಕೂ ಮೂಲೆಯನ್ನು ಮೆಲ್ಲ ಅಲ್ಲಾಡಿಸಿ ನೋಡಿ.

ತೋಟದಮನೆ:

ಒಂದು ಮೂಲೆ ಎದ್ದು ಬರುತ್ತದೆ ಅಕ್ಕ! ಒತ್ತಿದರೆ ಕೂರುತ್ತದೆ, ಬಿಟ್ಟರೆ ಏಳುತ್ತದೆ.

ಹಳೇಸ್ಕ್ರೂ:

ತಪ್ಪು ನನ್ನದು. ಬಿಚ್ಚುವುದು ಹೇಳಿದೆ, ಹಾಕುವುದು ಹೇಳಲಿಲ್ಲ. ಬಿಚ್ಚುವಾಗ ತಿರುಗಿಸಿದ ಪಿನ್ನನ್ನು ಹಾಗೆಯೇ ಒತ್ತಿದರೆ ಕಚ್ಚುವುದಿಲ್ಲ. ನಾಲ್ಕನ್ನೂ ಮೊದಲು ಬಾಣದ ಎದುರು ದಿಕ್ಕಿಗೆ ತಿರುಗಿಸಿ ಹಳೇ ಜಾಗಕ್ಕೆ ತನ್ನಿ. ಪಿನ್ ಮೇಲಕ್ಕೆ ಎಳೆದಿರಬೇಕು. ಆಮೇಲೆ ಕೂಲರ್ ನೇರ ಇಟ್ಟು ಒಂದನ್ನು ಒತ್ತಿ, ಅದರ ಎದುರು ಮೂಲೆಯದ್ದನ್ನು ಒತ್ತಿ, ಮತ್ತೆ ಉಳಿದ ಎರಡು. ಪ್ರತಿ ಸಲ ಟಕ್ ಎಂದು ಕೇಳಬೇಕು. ಬೋರ್ಡ್ ಬಾಗಿ ಮುರಿದೇ ಹೋಯಿತು ಅನ್ನಿಸುತ್ತದೆ, ಈ ಪಿನ್ ಮಾಡಿದವರಿಗೆ ನಾನು 15 ವರ್ಷದಿಂದ ಬೈಯುತ್ತಿದ್ದೇನೆ. ಆಗುವುದಾದರೆ ಬೋರ್ಡಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನಾಲ್ಕು ತೂತಿನಲ್ಲೂ ಬಿಳಿ ಕಾಲು ಅರಳಿ, ನಡುವೆ ಕಪ್ಪು ಪಿನ್ ಇಳಿದಿರಬೇಕು.

ಮತ್ತೆ, ಒಮ್ಮೆ ಎದ್ದ ಕೂಲರನ್ನು ಹಾಗೇ ಒತ್ತಿ ಬಿಡಬೇಡಿ. ಪೇಸ್ಟಿನೊಳಗೆ ಗಾಳಿ ಸಿಕ್ಕಿರುತ್ತದೆ. ಒರೆಸಿ ಹೊಸತು ಹಾಕಿ.

ತೋಟದಮನೆ:

ನಾಲ್ಕು ಟಕ್ ಕೇಳಿತು. ಸುಮ್ನೆ ಇರುವಾಗ 43. ಒಂದು ಗಂಟೆ ವಿಡಿಯೊ ಓಡಿಸಿದೆ, 74 ದಾಟಲಿಲ್ಲ, ವೇಗ 3.2ರಿಂದ ಕೆಳಗೆ ಬರಲಿಲ್ಲ. ಇಬ್ಬರಿಗೂ ಈ ವರ್ಷದ ಹಲಸಿನ ಹಪ್ಪಳ ಬಾಕಿ ಇದೆ.

ಆದರೆ ಒಂದು ಸಂಶಯ ಉಳಿದಿದೆ. ನಿನ್ನೆ ರಾತ್ರಿ ಎರಡು ಗಂಟೆಗೆ ಮತ್ತೆ ಆಫ್ ಆಗಿದೆ. ಆಗ ಬಿಸಿ 70ರ ಒಳಗೇ ಇತ್ತು, ಕೋರ್ ಟೆಂಪ್ ಬರೆದಿಟ್ಟ ಲಾಗ್ ನೋಡಿದೆ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂಯರಿನಲ್ಲಿ ಕರ್ನಲ್-ಪವರ್ 41 ಎಂದು ಕೆಂಪು ಗುರುತು.

ಟೀಚರಕ್ಕ:

41 ಅಂದರೆ "ಸರಿಯಾಗಿ ಮುಚ್ಚದೆ ನಿಂತಿತು" ಎಂದಷ್ಟೇ. ಯಾಕೆ ಎಂದು ಅದು ಹೇಳುವುದಿಲ್ಲ. ಬಿಸಿ 70ರ ಒಳಗಿದ್ದರೆ ಇದು ಬೇರೆಯೇ ಕಥೆ. ಎರಡು ಗಂಟೆಗೆ ಮನೆಯಲ್ಲಿ ಬೇರೆ ಏನಾದರೂ ಆನ್ ಆಗುತ್ತದಾ?

ತೋಟದಮನೆ:

ಹೌದಲ್ಲ! ತೋಟಕ್ಕೆ ನೀರು ಬಿಡುವ ಪಂಪ್. ಹಗಲು ವೋಲ್ಟೇಜ್ ಇಲ್ಲ ಎಂದು ರಾತ್ರಿಗೆ ಟೈಮರ್ ಇಟ್ಟಿದ್ದೇವೆ. ಅದು ಶುರುವಾಗುವಾಗ ಲೈಟ್ ಒಮ್ಮೆ ಮಂಕಾಗುತ್ತದೆ.

ಹಳೇಸ್ಕ್ರೂ:

ಸಿಕ್ಕಿತು. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಯುಪಿಎಸ್ ಇಲ್ವಾ?

ತೋಟದಮನೆ:

ಇದೆ, ಹಸಿರು ಲೈಟ್ ಉರಿಯುತ್ತದೆ. ನೀವು ಕೇಳಿದ ಮೇಲೆ ಕಂಪ್ಯೂಟರ್ ಬಿಚ್ಚಿ, ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿದೆ. ಲ್ಯಾಂಪ್ ಕೂಡ ಆಗಲೇ ಹೋಯಿತು. ಒಳಗಿನ 12 ವೋಲ್ಟಿನ ಬ್ಯಾಟರಿ ಹೊಟ್ಟೆ ಉಬ್ಬಿಸಿ ಕೂತಿತ್ತು. ಇವತ್ತು ಹೊಸದು ಹಾಕಿಸಿದೆ. ಕ್ಯಾಬಿನೆಟ್ ಈಗ ಗೂಡಿನ ಹೊರಗೆ, ಕಿಟಕಿಯಿಂದ ದೂರ, ಸ್ಟೂಲಿನ ಮೇಲೆ. ಅಡಿಕೆ ಮಿಷನನ್ನು ಕೊಟ್ಟಿಗೆಯ ಕಡೆಗೆ ಒಯ್ಯಲು ಮನೆಯಲ್ಲಿ ಒಪ್ಪಿದ್ದಾರೆ, ಯಾವಾಗ ಒಯ್ಯುವುದು ಎಂದು ಮಾತ್ರ ಕೇಳಬೇಡಿ.

ರಾತ್ರಿಗೆ ಆರು ಗಂಟೆಯ ರೆಕಾರ್ಡಿಂಗ್ ಹಾಕಿ ಮಲಗುತ್ತೇನೆ. ಎರಡು ಗಂಟೆಗೆ ಪಂಪ್ ಇದೆ. ಬೆಳಿಗ್ಗೆ ಬರೆಯುತ್ತೇನೆ.

ತೋಟದಮನೆ:

ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದೆ. ಫೈಲ್ ಮುಗಿದಿದೆ, ಮಂಗಳಪದದವರೆಗೂ ಇದೆ. ರಾತ್ರಿ ಒಮ್ಮೆ ಯುಪಿಎಸ್ ಕೀಂಯ್ ಅಂದದ್ದಕ್ಕೆ ಅಮ್ಮ ಎದ್ದು ಬೈದದ್ದು ಬಿಟ್ಟರೆ ಬೇರೇನೂ ತೊಂದರೆ ಇಲ್ಲ.