'ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?' ಈ ಸಾಲಿಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ಸ್ವಲ್ಪ ಅವಸರದಲ್ಲಿದ್ದೇನೆ. ನಮ್ಮ ಬಡಾವಣೆಯ ಕೆಲವರು ತಿಂಗಳಿಗೊಮ್ಮೆ ಸೇರಿ ಹೊರದೇಶದ ಹಾಸ್ಯ ಧಾರಾವಾಹಿ ನೋಡಿ ಮಾತಾಡುತ್ತೇವೆ. ಈ ಸಲ ಬ್ರಿಟನ್ನಿನ 'ದಿ ಐಟಿ ಕ್ರೌಡ್'. ಅಲ್ಲಿನ ಚಾನೆಲ್ 4ರಲ್ಲಿ 2006ರ ಫೆಬ್ರವರಿಯಲ್ಲಿ ಶುರುವಾಗಿ, 2013ರಲ್ಲಿ ಒಂದು ವಿಶೇಷ ಕಂತಿನೊಂದಿಗೆ ಮುಗಿದದ್ದು. ನಮ್ಮಲ್ಲಿ ಹಿರಿಯರು ಜಾಸ್ತಿ. ಆ ಇಂಗ್ಲಿಷ್ ಅವರ ಕಿವಿಗೆ ಹಿಡಿಯುವುದಿಲ್ಲ. ಅದಕ್ಕೆ ಐದಾರು ದೃಶ್ಯಗಳಿಗೆ ನಾನು ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ಲಂಡನ್ನಿನಲ್ಲಿ ರೇನ್‌ಹೋಮ್ ಇಂಡಸ್ಟ್ರೀಸ್ ಅಂತ ಒಂದು ಥಳಥಳಿಸುವ ದೊಡ್ಡ ಕಂಪನಿ. ಅದರ ನೆಲಮಾಳಿಗೆಯಲ್ಲಿ ಹಳೇ ಮಾನಿಟರ್, ವೈರುಗಳ ರಾಶಿಯ ಮಧ್ಯೆ ರಾಯ್ ಮತ್ತು ಮಾಸ್ ಕೂತಿರುತ್ತಾರೆ. ಮೇಲಿನವರ ಕಂಪ್ಯೂಟರ್ ಕೆಟ್ಟರೆ ಇವರಿಗೆ ಫೋನ್ ಬರುತ್ತದೆ. ಇವರ ಮೇಲಧಿಕಾರಿ ಜೆನ್‌ಗೆ ಕಂಪ್ಯೂಟರ್ ಏನೂ ಗೊತ್ತಿಲ್ಲ. ರಾಯ್ ಫೋನ್ ಎತ್ತಿದರೆ, ಯಾರು ಏನು ಅಂತ ಕೇಳುವ ಮೊದಲೇ ಒಂದೇ ಪ್ರಶ್ನೆ: ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿದಿರಾ? ಎಷ್ಟು ಸಲ ಅಂದರೆ, ಒಂದು ಕಡೆ ಅದನ್ನು ಟೇಪಿನಲ್ಲಿ ರೆಕಾರ್ಡ್ ಮಾಡಿಟ್ಟು ಟೇಪೇ ಉತ್ತರ ಕೊಡುವ ಹಾಗೆ ಮಾಡಿರುತ್ತಾನೆ. ಹಾಗಾಗಿ ಸಾಲು ಚಿಕ್ಕದಿರಬೇಕು, ಹತ್ತು ಸಲ ಬಂದರೂ ಸವೆಯಬಾರದು, ಓದಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು.

ನಾನು ಬರೆದದ್ದು ಇದು: 'ಅದನ್ನು ಸ್ಥಗಿತಗೊಳಿಸಿ ಪುನಃ ಚಾಲನೆ ಮಾಡಲು ಪ್ರಯತ್ನಿಸಿದ್ದೀರಾ?' ಸರ್ಕಾರಿ ಸುತ್ತೋಲೆಯ ಹಾಗಿದೆ. ಬೇರೆ ಏನಾದರೂ ಹೇಳಿ.

ಇನ್ನೊಂದು, ಹೆಸರಿನದು. ಇಂಗ್ಲಿಷಿನಲ್ಲಿ ಅದು ಜಾಣ ಹೆಸರು. ಎರಡಕ್ಷರ ಬಿಡಿಸಿ ಓದಿದರೆ ಮಾಹಿತಿ ತಂತ್ರಜ್ಞಾನ, ಕೂಡಿಸಿ 'ಇಟ್' ಅಂತ ಓದಿದರೆ ಊರೆಲ್ಲ ಹಿಂದೆ ಬೀಳುವ ಸೊಗಸುಗಾರರ ಗುಂಪು. 'ಐಟಿಯವರು' ಅಂತ ಇಟ್ಟೆ. ನಮ್ಮ ಮನೆಯವರು ಓದಿ, 'ಯಾರ ಮನೆ ಮೇಲೆ ರೇಡು?' ಅಂದರು. ಕನ್ನಡದಲ್ಲಿ ಐಟಿಯವರು ಬಂದರು ಅಂದರೆ ಆದಾಯ ತೆರಿಗೆಯವರೇ ಅಲ್ವಾ.

(ಬೆಂಗಳೂರಿನಿಂದ)

*

ಮೇಡಂ, ಇದಕ್ಕೆ ಚರ್ಚೆಯೇ ಬೇಡ. 'ಆರಿಸಿ ಹೊತ್ತಿಸಿ ನೋಡಿದಿರಾ?' ಮುಗಿಯಿತು.

ಆರು, ಹೊತ್ತು ಎರಡೂ ಅಪ್ಪಟ ಕನ್ನಡ. ಆರು ತಮಿಳು, ತೆಲುಗಿನಲ್ಲೂ ಇದೆ. ಹಳೆಗನ್ನಡದಲ್ಲಿ ಅದು ಆಱು, ಅಂದರೆ ಶಕಟರೇಫ ಅನ್ನುವ ಱ ಅಕ್ಷರದ್ದು. ಬಿಸಿ ಇಳಿ, ತಣ್ಣಗಾಗು ಅನ್ನುವುದು ಅದರ ಬೇರು. ಕಾಲಕ್ರಮದಲ್ಲಿ ಆ ಅಕ್ಷರ ಬಿಟ್ಟುಹೋಯಿತು, ಪದ ಉಳಿಯಿತು. ಯಂತ್ರದ ಬಿಸಿ ಇಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಇನ್ಯಾವುದಿದೆ? ಕೈಯಲ್ಲೇ ಪದ ಇಟ್ಟುಕೊಂಡು ಆಫ್ ಆನ್ ಅಂತ ಯಾಕೆ ಹುಡುಕಬೇಕು?

(ಮೈಸೂರಿನಿಂದ)

*

ತಂಗೀ, ಮೈಸೂರಿನವರು ಹೇಳಿದ್ದನ್ನು ಹಾಕಬೇಡ. ಮನೆಯಲ್ಲಿ ದೀಪ ಆರಿಸು ಅಂತ ಯಾರಾದರೂ ಅಂದರೆ ನಮ್ಮ ಅಜ್ಜಿ ಬೈಯುತ್ತಿದ್ದಳು. ದೀಪ ಶಾಂತ ಮಾಡು ಅನ್ನಬೇಕು. ಆರಿತು ಅನ್ನುವ ಮಾತಿಗೆ ಸಾವಿನ ನೆರಳಿದೆ. ಹಗಲೂರಾತ್ರಿ ಫೋನಿನಲ್ಲಿ ಅದನ್ನೇ ಹೇಳಿಸುತ್ತೀಯಾ?

ನಮ್ಮ ಕಡೆ ಇದಕ್ಕೆ ಮಾತು ಎಂದೋ ಇದೆ. 'ಬಂದ್ ಮಾಡಿ ಚಾಲೂ ಮಾಡಿ ನೋಡೀರೇನು?' ಮೋಟಾರಿಗೆ, ಟಿವಿಗೆ, ಗಿರಣಿಗೆ ಎಲ್ಲಕ್ಕೂ ಅದೇ. ಹೊತ್ತಿಸು ಅನ್ನುವುದಕ್ಕಿಂತ ಹಚ್ಚು ಅನ್ನುವುದು ನಮಗೆ ಹತ್ತಿರ. ನಾವು ದೀಪ ಹಚ್ಚುತ್ತೇವೆ, ಫ್ಯಾನ್ ಹಚ್ಚುತ್ತೇವೆ, ಫೋನನ್ನೂ ಹಚ್ಚುತ್ತೇವೆ. ಬೆಂಗಳೂರಿನವರು ಲೈಟ್ ಹಾಕು, ಫ್ಯಾನ್ ಹಾಕು ಅನ್ನುತ್ತೀರಿ, ಅದೂ ಚೆನ್ನಾಗಿದೆ. ಹೊತ್ತಿಸಿದರೆ ಹೊಗೆ ಬರುತ್ತದೆ.

(ಧಾರವಾಡದಿಂದ)

*

ಬಂದ್ ಪಾರಸಿ. ಚಾಲೂ ಮರಾಠಿ, ಹಿಂದಿ. ಕನ್ನಡ ಕೇಳಿದವರಿಗೆ ಇವನ್ನು ಕೊಟ್ಟರೆ ಏನು ಉಪಯೋಗ? 13ನೇ ಶತಮಾನದ ಆಂಡಯ್ಯ ಸಂಸ್ಕೃತದಿಂದ ಹಾಗೇ ಬಂದ ತತ್ಸಮ ಪದ ಒಂದನ್ನೂ ಒಳಗೆ ಬಿಟ್ಟುಕೊಳ್ಳದೆ ಇಡೀ ಕಾವ್ಯ ಬರೆದ. ನಮಗೆ ಒಂದು ಸಾಲು ಆಗುವುದಿಲ್ಲವಾ?

(ಮೈಸೂರಿನಿಂದ)

*

ಆಂಡಯ್ಯ ತದ್ಭವ ಬಿಡಲಿಲ್ಲ. ಹೊರಗಿನಿಂದ ಬಂದದ್ದನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಂಡೇ ಬರೆದ. ಅದನ್ನು ಮರೆತು ಅವನ ಹೆಸರು ತರಬೇಡಿ.

ನೀವು ದಿನಾ ಬಳಸುವ ಅರ್ಜಿ, ಜಮೀನು, ತಾಲ್ಲೂಕು, ಜಿಲ್ಲೆ, ರಾಜೀನಾಮೆ ಎಲ್ಲಿಂದ ಬಂದವು? ಅವೆಲ್ಲ ಒಳಗೆ, ನಮ್ಮ ಬಂದ್ ಮಾತ್ರ ಹೊರಗೆ. ಇಷ್ಟು ವರ್ಷ ನೋಡಿದ್ದೇನೆ, ಪದ ಶುದ್ಧವೋ ಅಲ್ಲವೋ ಅನ್ನುವ ಪ್ರಶ್ನೆ ಬರುವುದು ಉತ್ತರ ಕರ್ನಾಟಕದ ಮಾತು ಬಂದಾಗಲೇ. ಇಂಗ್ಲಿಷಿನ ಆಫ್ ಬಂದರೆ 'ರೂಢಿ', ನಮ್ಮ ಚಾಲೂ ಬಂದರೆ 'ಮರಾಠಿ ಪ್ರಭಾವ'. ಇದು ನೋವಾಗುವ ಮಾತು, ಸುಮ್ನೆ ಹೇಳುತ್ತಿಲ್ಲ.

(ಧಾರವಾಡದಿಂದ)

*

ಇಬ್ಬರು ಹಿರಿಯರೂ ಕ್ಷಮಿಸಬೇಕು. ನಾನು 9 ವರ್ಷ ಹೆಲ್ಪ್ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಅಂದರೆ ರಾಯ್ ಮಾಡುವ ಕೆಲಸವೇ, ನೆಲಮಾಳಿಗೆ ಒಂದಿರಲಿಲ್ಲ. ನಮಗೆ ಎಲ್ಲರೂ ಹೇಳುತ್ತಿದ್ದದ್ದು 'ಸಿಸ್ಟಮ್‌ನವರು' ಅಂತ. ಐಟಿಯವರು ಅಂತ ಒಬ್ಬರೂ ಕರೆದದ್ದು ನೆನಪಿಲ್ಲ.

ಮೊದಲು 'ಆರಿಸಿ' ವಿಷಯ. ಒಂದು ನವೆಂಬರ್ 1ರಂದು ಇವತ್ತು ಫೋನಿನಲ್ಲಿ ಪೂರ್ತಿ ಕನ್ನಡವೇ ಅಂತ ನಾವು ಮೂವರು ಹಟ ಹಿಡಿದಿದ್ದೆವು. ಅಕೌಂಟ್ಸ್‌ನಿಂದ ಒಬ್ಬರು ಮೇಡಂ ಫೋನ್ ಮಾಡಿದರು, ಸಿಸ್ಟಮ್ ಹ್ಯಾಂಗ್ ಆಗಿದೆ ಅಂತ. ನಾನು, 'ಒಮ್ಮೆ ಆರಿಸಿ ಮೇಡಂ' ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, 'ಯಾವುದನ್ನ ಆರಿಸ್ಲಿ? ಇಲ್ಲಿ ಓಕೆ, ಕ್ಯಾನ್ಸಲ್ ಎರಡೂ ಬಂದಿದೆ' ಅಂದರು. ತಪ್ಪು ಅವರದಲ್ಲ. ಪರದೆ ಮುಂದೆ ಕೂತವರಿಗೆ ಆರಿಸು ಅಂದರೆ ಎರಡರಲ್ಲಿ ಒಂದು ಆಯ್ದುಕೋ ಅಂತಲೇ ಅರ್ಥ. ಹಳೆಗನ್ನಡದಲ್ಲಿ ಶಕಟರೇಫ ಹಾಕಿ ಬೇರೆ ಮಾಡಬಹುದಿತ್ತೋ ಏನೋ, ಫೋನಿನಲ್ಲಿ ಆಗಲ್ಲ.

ಎರಡನೆಯದು. ಯಾರೋ ಒಬ್ಬರು 'ಮರುಪ್ರಾರಂಭಿಸಿ' ಹಾಕಿ ಅನ್ನುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಕನ್ನಡದಲ್ಲಿಟ್ಟ ಫೋನುಗಳಲ್ಲಿ ಆ ಪದ ಇದೆ, ನಿಜ. ಆದರೆ ಅದು ರೀಸ್ಟಾರ್ಟ್. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸ್ಟಾರ್ಟ್ ಬೇರೆ. 2012ರಲ್ಲಿ ವಿಂಡೋಸ್ 8 ಬಂದಮೇಲೆ ಶಟ್ ಡೌನ್ ಕೊಟ್ಟರೆ ಒಳಗಿನ ಸ್ವಲ್ಪ ಭಾಗ ಡಿಸ್ಕಿನಲ್ಲಿ ಹಾಗೇ ಉಳಿದು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬೇಗ ಶುರುವಾಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಮೊದಲಿನಿಂದ ಶುರು. ಹಾಗಾಗಿ ಇವತ್ತು ನಾವು ಕೇಳುವುದು 'ರೀಸ್ಟಾರ್ಟ್ ಮಾಡಿದ್ರಾ' ಅಂತ. ಮೋಡೆಮ್, ಪ್ರಿಂಟರ್ ಆದರೆ ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ ಅನ್ನುತ್ತೇವೆ, ಒಳಗೆ ಉಳಿದ ಕರೆಂಟ್ ಪೂರ್ತಿ ಹೋಗಲಿ ಅಂತ. 2006ರ ರಾಯ್‌ಗೆ ಈ ತೊಂದರೆ ಇರಲಿಲ್ಲ. ಅವನು ಹೇಳಿದ್ದು ಆಫ್ ಆನ್, ಹಾಗೇ ಇರಲಿ.

ಜನ ಇದನ್ನು ಸೋಮಾರಿಗಳ ಉತ್ತರ ಅಂದುಕೊಳ್ಳುತ್ತಾರೆ. ಅಲ್ಲ. ದಿನವಿಡೀ ಓಡಿದ ಪ್ರೋಗ್ರಾಮು ಮೆಮೊರಿ ಹಿಡಿದುಕೊಂಡು ಬಿಡದೆ ಕೂತಿರುತ್ತದೆ. ಆಫ್ ಆದರೆ ಅದೆಲ್ಲ ಖಾಲಿ. ನಿಜವಾಗಿ ಕೆಲಸ ಮಾಡುವ ಮದ್ದು ಅದು. ಅಡಿಬರಹದಲ್ಲೂ ಆ ಗೌರವ ಇರಲಿ ಅಂತ ನನ್ನ ಆಸೆ.

ಮತ್ತೆ ನಾವು ದಿನಕ್ಕೆ ಮೂವತ್ತು ಸಲ ಹೇಳುತ್ತಿದ್ದ ವಾಕ್ಯ ಇಷ್ಟೇ: 'ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ.'

(ಬೆಂಗಳೂರಿನಿಂದ, ಬೇರೆಯವರು)

*

ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ನಾಳೆ ಕ್ರಿಯಾಪದ 'ಮಾಡು' ಒಂದೇ ಉಳಿಯುತ್ತದೆ. ಆಫ್ ಮಾಡು, ಆನ್ ಮಾಡು, ವೆಯ್ಟ್ ಮಾಡು, ಟ್ರೈ ಮಾಡು. ಮಕ್ಕಳು ಕಾಯುವುದನ್ನೇ ಮರೆತಿದ್ದಾರೆ, ವೆಯ್ಟ್ ಮಾಡುತ್ತಾರೆ. ಇದು ನಿಮಗೆ ಸಣ್ಣ ವಿಷಯ. ನನಗೆ ಅಲ್ಲ.

(ಮೈಸೂರಿನಿಂದ)

*

ಎಲ್ಲರಿಗೂ ಧನ್ಯವಾದ. ರಾತ್ರಿ ಪೂರ್ತಿ ಇದನ್ನೇ ಓದಿದೆ.

ಮೈಸೂರಿನ ಸರ್, ನಿಮ್ಮ ಕೊನೆಯ ಮಾತು ಚುಚ್ಚಿತು. ವೆಯ್ಟ್ ಮಾಡು ಅನ್ನುವುದು ನನಗೂ ಸಹಿಸುವುದಿಲ್ಲ. ಕಾಯು ಅಂತ ಜೀವಂತ ಪದ ಇದೆ. ಆದರೆ ಈ ಸಾಲನ್ನು ಬಿಡಿಸಿ ನೋಡಿದರೆ ನನಗೆ ಕಂಡದ್ದು ಬೇರೆ. ನಾನು ಒದ್ದಾಡಿದ್ದು ಆಫ್, ಆನ್‌ಗೆ ಅಲ್ಲ. 'ಪ್ರಯತ್ನಿಸಿದ್ದೀರಾ' ಅನ್ನುವಲ್ಲಿ ಸಿಕ್ಕಿಬಿದ್ದಿದ್ದೆ. ಇಂಗ್ಲಿಷಿನಲ್ಲಿ ಪ್ರಯತ್ನ ಅನ್ನುವ ಪದ ಇದೆ, ಅದಕ್ಕೆ ನಾನೂ ಪ್ರಯತ್ನ ತಂದೆ. ನೀವು ಮೂವರೂ ಒಂದೇ ಒಂದು ವಿಷಯಕ್ಕೆ ಜಗಳ ಆಡದೆ ಒಂದೇ ಪದ ಬರೆದಿದ್ದೀರಿ, ಗಮನಿಸಿದಿರಾ? ಆರಿಸಿ ಹೊತ್ತಿಸಿ *ನೋಡಿದಿರಾ*, ಬಂದ್ ಮಾಡಿ ಚಾಲೂ ಮಾಡಿ *ನೋಡೀರೇನು*, ಆಫ್ ಮಾಡಿ ಆನ್ ಮಾಡಿ *ನೋಡಿ*. ತಿಂದು ನೋಡು, ಕೇಳಿ ನೋಡು, ಹಾಕಿ ನೋಡು. ಈ ಸಾಲಿನ ಕನ್ನಡ ಇರುವುದು ಆ ನೋಡುವಿನಲ್ಲಿ. ಅದು ಬಂದ ಮೇಲೆ ಆಫ್, ಆನ್ ಕೂಡ ನಮ್ಮ ಮನೆಯವೇ ಅನ್ನಿಸಿತು.

ಇನ್ನೊಂದು ದೃಶ್ಯ ಬರೆಯುವಾಗಲೂ ಇದೇ ಪ್ರಶ್ನೆ ಎದುರಾಯಿತು. ರಾಯ್ ಮತ್ತು ಮಾಸ್ ಒಂದು ಪುಟ್ಟ ಕಪ್ಪು ಪೆಟ್ಟಿಗೆ ತೋರಿಸಿ, ಇದೇ ಇಂಟರ್ನೆಟ್ ಅಂತ ಜೆನ್‌ಳನ್ನು ನಂಬಿಸುತ್ತಾರೆ. ಅವಳು ನಂಬಿ ಸಭೆಗೆ ಒಯ್ಯುತ್ತಾಳೆ. ಅಲ್ಲಿ ನಾನು 'ಅಂತರ್ಜಾಲ' ಅಂತ ಬರೆದಿದ್ದೆ, ಅದು ನಾನು ಬಹಳ ಇಷ್ಟಪಡುವ ಪದ ಅಂತ. ಆಡಿ ನೋಡಿದರೆ ದೃಶ್ಯ ಸತ್ತುಹೋಯಿತು. ಜಾಲ ಅಂದರೆ ಬಲೆ ಅಂತ ಪದವೇ ಹೇಳಿಬಿಡುತ್ತದೆ, ಬಲೆಯನ್ನು ಪೆಟ್ಟಿಗೆ ಅಂತ ಯಾರು ನಂಬುತ್ತಾರೆ? ಇಂಟರ್ನೆಟ್ಟಿಗೆ ಕೆಲವರು ಬಳಸುವ 'ಮಿಂಬಲೆ' ಅಂದರೆ ಇನ್ನೂ ಸ್ಪಷ್ಟ. ಜೆನ್ ಮೋಸ ಹೋಗಬೇಕಾದರೆ ಪದ ಅವಳಿಗೆ ಏನೂ ಹೇಳಬಾರದು. ಅಲ್ಲಿ ಇಂಟರ್ನೆಟ್ಟೇ ಬೇಕು. ಅದೇ ಮಾಸ್ ಬೆಂಕಿ ಬಿದ್ದಾಗ ಕೂತು ಇಮೇಲ್ ಬರೆಯುವ ದೃಶ್ಯ ತಗೊಳ್ಳಿ. ಅಲ್ಲಿ ಹಳೇ ಕಚೇರಿ ಕನ್ನಡವೇ ಸರಿ. 'ಮಾನ್ಯರೇ, ವಿಷಯ: ಬೆಂಕಿ ಬಿದ್ದಿರುವ ಬಗ್ಗೆ.' ಪಕ್ಕದಲ್ಲಿ ಜ್ವಾಲೆ ಏಳುತ್ತಿರುವಾಗ ಅಷ್ಟು ಮರ್ಯಾದೆ ಇಂಗ್ಲಿಷಿನಲ್ಲೂ ಬಂದಿಲ್ಲ ಅನ್ನಿಸಿತು ನನಗೆ.

ಧಾರವಾಡದ ಅಣ್ಣಾವ್ರೇ, ನಿಮ್ಮ ಸಾಲನ್ನು ನಾನು ಬಿಟ್ಟಿಲ್ಲ. ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ, ಗದಗದ ಕಡೆಯ ನಾಲ್ಕು ಜನ ಇದ್ದಾರೆ. ಒಂದು ಪ್ರತಿಯಲ್ಲಿ ಬಂದ್, ಚಾಲೂ ಇಟ್ಟಿದ್ದೇನೆ, ಅದನ್ನು ಮೊದಲು ಅವರಿಗೇ ತೋರಿಸುತ್ತೇನೆ. ಎಲ್ಲರಿಗೂ ಹಾಕುವ ಪ್ರತಿಯಲ್ಲಿ ಹೀಗೆ:

'ಹಲೋ, ಸಿಸ್ಟಮ್ಸ್. ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?'

ಅದರ ಹಿಂದೆಯೇ ಅವನು ಪ್ಲಗ್ ಹಾಕಿದೆಯಾ ಅಂತ ಕೇಳುತ್ತಾನೆ. ಅದಕ್ಕೆ 'ಪ್ಲಗ್ ಹಾಕಿದೆ ತಾನೇ?' ಅಂತ ಬರೆದಿದ್ದೇನೆ. ಆ 'ತಾನೇ'ಯಲ್ಲಿ ಅವನ ಬೇಸರ ಪೂರ್ತಿ ಕೇಳುತ್ತದೆ.

ಹೆಸರು ಇನ್ನೂ ಸಿಕ್ಕಿಲ್ಲ. 'ಸಿಸ್ಟಮ್‌ನವರು' ಚೆನ್ನಾಗಿದೆ, ಆದರೆ ಸೊಗಸುಗಾರರು ಅನ್ನುವ ಇನ್ನೊಂದು ಅರ್ಥ ಬರಲಿಲ್ಲ. ಸಂಜೆ 6ರ ತನಕ ಫೈಲ್ ನನ್ನ ಹತ್ತಿರವೇ ಇರುತ್ತದೆ. ಏನಾದರೂ ಹೊಳೆದರೆ ಅಷ್ಟರೊಳಗೆ ಬರೆಯಿರಿ.

(ಬೆಂಗಳೂರಿನಿಂದ)