ಲಾನ್ ಮನವಿಗೆ ಎರಡು ತಿದ್ದುಪಡಿ

ಸುಧಕ್ಕ, ಪಾಲಿಕೆಗೆ ಕೊಡೋ ಮನವಿಯ ಕರಡು ಕೇಳಿದ್ರಲ್ಲ ಹೆಂಗಿದೆ ಅಂತ. ಈ ವಾಯ್ಸ್ ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ. ಅದರಲ್ಲಿ ಎರಡು ಬೇಡಿಕೆ ಇದೆ. ತುಮಕೂರಲ್ಲಿ ಮನೆ ಮುಂದೆ ಲಾನ್ ಹಾಕೋದನ್ನ ನಿಷೇಧಿಸಿ ಅನ್ನೋದು ಒಂದು. ನೀರು ಉಳಿಸೋ ತೋಟ ಮಾಡಿದವರಿಗೆ ನೀರಿನ ಬಿಲ್ಲಲ್ಲಿ ರಿಯಾಯಿತಿ ಕೊಡಿ ಅನ್ನೋದು ಇನ್ನೊಂದು. ಉದ್ದೇಶ ಸರಿಯಾಗಿದೆ, ಆದ್ರೆ ಹಿಂಗೇ ಕೊಟ್ರೆ ಎರಡೂ ಫೈಲಲ್ಲೇ ಕೂರುತ್ವೆ.

ಬಿಲ್ಲಿನ ವಿಷಯ ಮೊದಲು ಹೇಳ್ತೀನಿ. ತೋಟಕ್ಕೆ ಜಾಸ್ತಿ ನೀರು ಬಿಡೋರು ಬಹುಪಾಲು ಸ್ವಂತ ಬೋರ್‌ವೆಲ್ ಇರೋರೇ. ಅವರು ಉಳಿಸಿದ ನೀರು ಪಾಲಿಕೆ ಬಿಲ್ಲಲ್ಲಿ ಕಾಣಿಸೋದೇ ಇಲ್ಲ. ಮೀಟರ್ ಇಲ್ಲದೆ ತಿಂಗಳಿಗೆ ಇಷ್ಟು ಅಂತ ಕಟ್ಟೋ ಮನೇಲೂ ಅಷ್ಟೇ, ಉಳಿಸಿದ್ದಕ್ಕೆ ಲೆಕ್ಕ ಎಲ್ಲಿದೆ? ಅದಕ್ಕೇ ಲೀಟರ್ ಬಿಟ್ಟು ಚದರ ಅಡಿ ಹಿಡ್ಕೊಳ್ಳಿ. ಎಷ್ಟು ಚದರ ಅಡಿ ಲಾನ್ ಕಿತ್ತು ಬರ ತಡೆಯೋ ಗಿಡ ಹಾಕಿದ್ರೋ ಅಷ್ಟಕ್ಕೆ ದುಡ್ಡು. ಟೇಪ್ ಹಿಡಿದು ಅಳೀಬಹುದು, ಫೋಟೋ ತೆಗೀಬಹುದು. ಅಮೆರಿಕದ ಲಾಸ್ ವೇಗಾಸಲ್ಲಿ 1999ರಿಂದ ಕೊಡ್ತಿರೋದು ಹಿಂಗೇ. ಅವರ ಎರಡು ಷರತ್ತು ನಮಗೂ ಬೇಕು. ಹುಲ್ಲು ಕೀಳೋ ಮುಂಚೆ ಅರ್ಜಿ ಹಾಕಿ ತಪಾಸಣೆ ಆಗಿರ್ಬೇಕು, ಆಮೇಲೆ ಹಳೇ ಫೋಟೋ ತೋರಿಸಿದ್ರೆ ನಡೆಯಲ್ಲ. ಗಿಡ ದೊಡ್ಡದಾದಾಗ ಜಾಗದ ಅರ್ಧದಷ್ಟಾದ್ರೂ ಹಸಿರು ಮುಚ್ಚಬೇಕು.

ಈ ಎರಡನೇ ಷರತ್ತು ಬಿಟ್ರೆ ಏನಾಗುತ್ತೆ ಗೊತ್ತಾ? ಲಾನ್ ಕಿತ್ತು ಟೈಲ್ಸ್ ಹಾಕ್ತಾರೆ. ಇಲ್ಲಾ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಬಿಳೀ ಕಲ್ಲು ಸುರಿದು ನಾಲ್ಕು ಕುಂಡ ಇಡ್ತಾರೆ. ನೀರು ಉಳೀತು ನಿಜ, ಆದ್ರೆ ಮಳೆ ನೀರು ಇಂಗಲ್ಲ, ಏಪ್ರಿಲಲ್ಲಿ ಗೋಡೆ ಕಾದು ಸಂಜೆ ಒಳಗೆ ಕೂರಕ್ಕಾಗಲ್ಲ. ಪಾಲಿಕೆ ದುಡ್ಡು ಕೊಟ್ಟು ಸೆಖೆ ಕೊಂಡ ಹಾಗೆ. ಅದಕ್ಕೆ ಸಿಮೆಂಟು, ಟೈಲ್ಸು, ಪ್ಲಾಸ್ಟಿಕ್ ಹುಲ್ಲು ಇದ್ರೆ ಸಹಾಯಧನ ಇಲ್ಲ ಅಂತ ಸ್ಪಷ್ಟವಾಗಿ ಬರೀರಿ.

ಈಗ ನಿಷೇಧ. ಲಾಸ್ ವೇಗಾಸ್ ಇರೋ ನೆವಾಡಾ ರಾಜ್ಯ 2021ರಲ್ಲಿ ಕಾನೂನು ಮಾಡಿ ಉಪಯೋಗಕ್ಕಿಲ್ಲದ ಅಲಂಕಾರದ ಹುಲ್ಲಿಗೆ 2026ರ ಕೊನೆವರೆಗೆ ಗಡುವು ಕೊಡ್ತು. ಅಲ್ಲೂ ಒಂಟಿ ಮನೆಗಳನ್ನ ಮುಟ್ಟಲಿಲ್ಲ, ಆಫೀಸು, ರಸ್ತೆ ವಿಭಜಕ ಇಂಥವಕ್ಕೆ ಮಾತ್ರ. ಬೆಂಗಳೂರಲ್ಲಿ ಜಲಮಂಡಳಿ ಕಾಯ್ದೆಗೆ ತಂದ 2009ರ ತಿದ್ದುಪಡಿ ಮಳೆಕೊಯ್ಲು ಕಡ್ಡಾಯ ಮಾಡ್ತು, ಎಷ್ಟೋ ಮನೆಯವರು ದಂಡಾನೇ ಕಟ್ಕೊಂಡು ಸುಮ್ನಿದಾರೆ. ಇರೋ ಮನೆಗೆ ದುಡ್ಡಿನ ಆಸೆ, ಹೊಸ ಕಟ್ಟಡಕ್ಕೆ ನಿಯಮ, ಹಿಂಗೆ ಬೇರೆ ಬೇರೆ ಮಾಡಿ. 40x60 ಮತ್ತೆ ಮೇಲ್ಪಟ್ಟ ಹೊಸ ಮನೆ, ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪ, ಕಾರ್ಖಾನೆಗಳ ಮುಂದಿನ ತೋಟ, ಇವಕ್ಕೆ ನಕ್ಷೆ ಮಂಜೂರಾಗುವಾಗಲೇ ಗಿಡ ನೆಡೋ ಜಾಗದಲ್ಲಿ ಲಾನ್ ಕಾಲು ಭಾಗ ಮೀರಬಾರದು ಅಂತ ಹಾಕಲಿ. ಮಕ್ಕಳು ಆಡೋ ಮೈದಾನಕ್ಕೆ ವಿನಾಯಿತಿ ಇರ್ಲಿ, ಇಲ್ಲಾಂದ್ರೆ ಮೊದಲ ವಿರೋಧ ಅಲ್ಲಿಂದಲೇ ಬರುತ್ತೆ. ಹೊಸ ಬಡಾವಣೆ ಪಾರ್ಕ್ ಮಾತ್ರ ಮರೀಬೇಡಿ. ಸೈಟು ಮಾರೋವರೆಗೂ ಹಸಿರು ಲಾನ್ ತೋರಿಸ್ತಾರೆ, ಪಾಲಿಕೆಗೆ ಒಪ್ಪಿಸಿದ ಮೊದಲ ಬೇಸಿಗೇಲೇ ಒಣಗಿ ಪಾರ್ಥೇನಿಯಂ ಏಳುತ್ತೆ. ಇದನ್ನ ತಡೆಯಕ್ಕೆ ಟೂಡಾ, ಅಂದ್ರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ಬಡಾವಣೆ ಅನುಮೋದನೆ ಕೊಡೋವಾಗಲೇ ಷರತ್ತು ಇರ್ಬೇಕು. ಅದಕ್ಕೇ ಮನವಿಯ ಒಂದು ಪ್ರತಿ ಟೂಡಾಕ್ಕೂ ಹೋಗ್ಲಿ.

ಅಧಿಕಾರಿಗಳು ಎಷ್ಟು ನೀರು ಉಳಿಯುತ್ತೆ ಅಂತ ಖಂಡಿತ ಕೇಳ್ತಾರೆ. ಲಾಸ್ ವೇಗಾಸ್ ಅಂಕಿ ಕೊಡಬೇಡಿ, ಅಲ್ಲಿ ವರ್ಷಕ್ಕೆ 100 ಮಿ.ಮೀ. ಆಸುಪಾಸು ಮಳೆ, ಮರುಭೂಮಿ. ನಮ್ಮ ಲೆಕ್ಕ ಹೇಳಿ. ಮಾರ್ಚ್-ಏಪ್ರಿಲಲ್ಲಿ ಲಾನಿಗೆ ದಿನಕ್ಕೆ ಸುಮಾರು 4 ಮಿ.ಮೀ. ನೀರು ಬೇಕು, ಅಂದ್ರೆ ಚದರ ಮೀಟರಿಗೆ 4 ಲೀಟರ್. 200 ಚದರ ಅಡಿ ಲಾನಿಗೆ ದಿನಕ್ಕೆ 75 ಲೀಟರ್ ಆಯ್ತು. ಇದು ಬೇಕಾದಷ್ಟು ಮಾತ್ರ. ಪೈಪ್ ಹಿಡಿದು ಬಿಟ್ರೆ ನಿಮಿಷಕ್ಕೆ 10ರಿಂದ 15 ಲೀಟರ್, ಅರ್ಧ ಗಂಟೆಗೆ 300ರಿಂದ 450. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋ ಕೇಂದ್ರದ ಮಾನದಂಡದ ಪ್ರಕಾರ ಇದು ಎರಡು ಮೂರು ಜನರ ಇಡೀ ದಿನದ ನೀರು. ಬುಗುಡನಹಳ್ಳಿ ಕೆರೆಗೆ ಮಳೆಗಾಲದಲ್ಲಿ ಬಂದ ಹೇಮಾವತಿ ನೀರನ್ನೇ ಬೇಸಿಗೆವರೆಗೂ ಎಳೀಬೇಕಾದ ಊರಲ್ಲಿ ಈ ಮಾತು ಬೇಗ ತಲೆಗೆ ಹೋಗುತ್ತೆ.

ಅದೇ 200 ಅಡಿಯಲ್ಲಿ 3 ಅಡಿ ಅಂತರಕ್ಕೆ ಸುಮಾರು 22 ಪೊದೆ ಗಿಡ ಕೂರುತ್ವೆ. ಒಂದಕ್ಕೆ ದಿನ ಬಿಟ್ಟು ದಿನ 3 ಲೀಟರ್, ಒಟ್ಟು 66. ಲಾನಿಗೆ ಎರಡು ದಿನಕ್ಕೆ 150. ಬೇರು ಹಿಡಿದ ಎರಡನೇ ವರ್ಷದಿಂದ ಇನ್ನೂ ಕಮ್ಮಿ ಮಾಡಬಹುದು.

ಮನವಿ ಜೊತೆ ಒಂದು ಪುಟ ತಾಂತ್ರಿಕ ವಿವರ ಇಟ್ರೆ ಒಳ್ಳೇದು, ಯೋಜನೆ ಕೆಡೋದು ಅಲ್ಲೇ. ಗಿಡದ ಬುಡಕ್ಕೆ ಹನಿ ಹನಿಯಾಗಿ ನೀರು ಬಿಡೋ ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಇರೋದು 1 ಕೆ.ಜಿ. ಒತ್ತಡಕ್ಕೆ, ಅಂದ್ರೆ ಟ್ಯಾಂಕ್ 33 ಅಡಿ ಮೇಲಿರಬೇಕು. ಒಂದಂತಸ್ತಿನ ಮನೇಲಿ ಟ್ಯಾಂಕ್ ತಳ 12 ಅಡಿ ಇದ್ರೆ ಬರೋದು ಗಂಟೆಗೆ 2.4 ಲೀಟರ್ ಅಷ್ಟೇ. ಹಂಗಾಗಿ 3 ಲೀಟರಿಗೆ ಒಂದೂಕಾಲು ಗಂಟೆ ಬಿಡಬೇಕು. ಇಷ್ಟು ಕಡಿಮೆ ಒತ್ತಡಕ್ಕೆ ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ (ಒತ್ತಡ ಏರುಪೇರಾದ್ರೂ ಒಂದೇ ಸಮ ನೀರು ಬಿಡೋದು) ತಗೋಬೇಡಿ, ದುಬಾರಿ, ಸರಿಯಾಗಿ ಕೆಲಸಾನೂ ಮಾಡಲ್ಲ. ಸಾದಾ ಬಿಚ್ಚೋ ಡ್ರಿಪ್ಪರ್ ಸಾಕು, ನಮ್ಮ ಬೋರ್ ನೀರಿನ ಸುಣ್ಣ ಕಟ್ಟಿದಾಗ ಬಿಚ್ಚಿ ವಿನೆಗರಲ್ಲಿ ನೆನೆಸಿ ಉಜ್ಜಬಹುದು. ಮೊದಲಿಗೆ 120 ಮೆಶ್ ಫಿಲ್ಟರ್, 16 ಎಂ.ಎಂ. ಕಪ್ಪು ಪೈಪು, ಕೊನೇಲಿ ತೆಗೆಯೋ ಹಾಗಿರೋ ಎಂಡ್ ಕ್ಯಾಪ್. ತಿಂಗಳಿಗೊಮ್ಮೆ ಕ್ಯಾಪ್ ತೆಗೆದು ನೀರು ಹರಿಸಿದ್ರೆ ಕೆಸರು ಹೋಗುತ್ತೆ. ಟೈಮರ್ ಹಾಕೋದಾದ್ರೆ ಬಾಲ್ ವಾಲ್ವ್ ಇರೋದೇ ಕೇಳಿ, ಕರೆಂಟಿನ ಕಾಂತದಿಂದ ತೆರೆಯೋ ಸೊಲೆನಾಯ್ಡ್ ವಾಲ್ವ್‌ಗೆ ಒತ್ತಡ ಸಾಲಲ್ಲ. ನಮ್ಮ ಅಡಿಕೆ, ತೆಂಗಿನ ತೋಟದವರಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ, ಅವರು ಸಾಮಾನು ತಗೊಳ್ಳೋ ಅಂಗಡೀಲೇ ಎಲ್ಲಾ ಸಿಗುತ್ತೆ.

ಪಾತಿ ನೆಲಕ್ಕಿಂತ 6 ಇಂಚು ತಗ್ಗಲ್ಲಿರ್ಲಿ. ನಮ್ಮ ಕಡೆ ಗಾರೆಯವರು ಪಾತಿ ಎತ್ತರಿಸಿಯೇ ಕಟ್ಟೋದು, ಮಳೆ ನೀರೆಲ್ಲ ರಸ್ತೆಗೆ. 200 ಅಡಿ ಪಾತಿ 6 ಇಂಚು ತಗ್ಗಿದ್ರೆ 2,800 ಲೀಟರ್ ಹಿಡಿಯುತ್ತೆ. 1,200 ಅಡಿ ತಾರಸಿ ಮೇಲೆ 20 ಮಿ.ಮೀ. ಮಳೆ ಬಿದ್ರೆ ಆವಿ, ಸೋರಿಕೆ ಕಳೆದು ಬರೋದು 1,800 ಲೀಟರ್ ಚಿಲ್ಲರೆ, ಪೂರ್ತಿ ಅಲ್ಲೇ ಇಂಗುತ್ತೆ. ಪಾಯದಿಂದ 5 ಅಡಿ ದೂರ ಇರ್ಲಿ ಅಷ್ಟೇ. ಮೇಲೆ 2-3 ಇಂಚು ಒಣ ಎಲೆ ಅಥವಾ ತೆಂಗಿನ ಸಿಪ್ಪೆ ಮುಚ್ಚಿಗೆ ಹಾಕಿ, ಕಾಂಡದಿಂದ 4 ಇಂಚು ಬಿಟ್ಟು. ಒತ್ತಿ ಹಾಕಿದ್ರೆ ಬುಡ ಕೊಳೆಯುತ್ತೆ, ಗೆದ್ದಲು ಹತ್ತುತ್ತೆ.

ಗಿಡದ ಪಟ್ಟಿ ಪಾಲಿಕೆಯೇ ಕೊಡಬೇಕು. ನಂದಿಬಟ್ಟಲು, ದಾಸವಾಳ, ಪಾರಿಜಾತ, ತಂಗಡಿ, ಕಾಗದದ ಹೂವು, ಬೇಲಿಗೆ ‘ಬಂದರೆ’ ಅನ್ನೋ ಗಿಡ, ಮರಕ್ಕೆ ಹೊಂಗೆ, ಬೇವು. ಕಣಗಿಲೆ ಬರ ತಡೆಯುತ್ತೆ, ಆದ್ರೆ ವಿಷ. ಮಕ್ಕಳು, ದನ ಓಡಾಡೋ ಕಡೆ ಬೇಡ. ಹಸಿರು ನೆಲ ಬೇಕೇ ಬೇಕು ಅನ್ನೋರಿಗೆ ಮೆಕ್ಸಿಕನ್ ಹುಲ್ಲಿನ ಬದಲು ಗರಿಕೆ, ಬೇಸಿಗೇಲಿ ಕಂದಿದ್ರೂ ಮಳೆ ಬಿದ್ದ ತಕ್ಷಣ ಚಿಗುರುತ್ತೆ, ಚೌತಿ ದಿನ ಮಾರ್ಕೆಟ್ಟಿಗೂ ಹೋಗಬೇಕಿಲ್ಲ.

ದುಡ್ಡು ಕೊಡೋ ರೀತಿ: ಗಿಡ ಕೊಂಡ ಬಿಲ್ ನೋಡಿ ಕೊಟ್ರೆ ಬಿಲ್ ಮಾತ್ರ ಬರುತ್ತೆ, ಗಿಡ ಬರಲ್ಲ. ಚದರ ಅಡಿಗೆ ಒಂದೇ ದರ ಇಟ್ಟು, ಒಂದು ಮನೆಗೆ 500 ಅಡಿ ಮಿತಿ ಹಾಕಲಿ. ಅರ್ಧ ದುಡ್ಡು ನೆಟ್ಟ ಮೇಲಿನ ತಪಾಸಣೆಗೆ, ಉಳಿದರ್ಧ ಒಂದು ಬೇಸಿಗೆ ಕಳೆದು ಗಿಡ ಬದುಕಿದ್ರೆ. ಆಸ್ತಿ ತೆರಿಗೇಲಿ ಏಪ್ರಿಲ್ ತಿಂಗಳ ಶೇ. 5 ರಿಯಾಯಿತಿ ಥರ ಇನ್ನೊಂದು ಕೊಡಿ ಅಂತ ಮಂಜಣ್ಣ ಅಂದಿದ್ರು. ಅದಕ್ಕೆ ರಾಜ್ಯದ ಕಾನೂನೇ ತಿದ್ದಬೇಕು, ಈಗ ಬೇಡ. ಪಾಲಿಕೆ ಬಜೆಟ್ಟಲ್ಲಿ ಒಂದು ತಲೆಬರಹ ತೆಗೆದು ಸಣ್ಣ ಮೊತ್ತ ಇಡಿಸೋದು ಸುಲಭ. ಬಜೆಟ್ ಪೂರ್ವ ಸಭೆ ಜನವರಿ-ಫೆಬ್ರವರಿಯಲ್ಲಿ ಕರೀತಾರೆ, ಮನವಿ ಡಿಸೆಂಬರ್ ಒಳಗೆ ಆಯುಕ್ತರ ಕಚೇರಿಯ ಟಪಾಲಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸ್ಕೊಳ್ಳಿ. ಅದಕ್ಕೂ ಮುಂಚೆ ನಮ್ಮ ಬಡಾವಣೇಲಿ ಲಾನ್ ಇರೋ ಮನೆಗಳ ಅಳತೆ ಬೇಕು. ಈ ಭಾನುವಾರ ಯಾರ್ಯಾರು ಟೇಪ್ ಹಿಡಿಯಕ್ಕೆ ಬರ್ತೀರೋ ಹೆಸರು ಹಾಕಿ.